ಆಯಸ್ಕಾಂತದ ನಡುವೆ ಅಚ್ಚುಬೆಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಬೆಲ್ಲ ಬೇಯಿಸಿದವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ಆಯಸ್ಕಾಂತದ ನಡುವೆ ಕೂರಿಸಿ ವಿಚಾರಣೆ ಮಾಡಿದವನು ನಾನೊಬ್ಬನೇ. ಇನ್ನೊಬ್ಬನಿದ್ದರೆ ಬಂದು ಹೇಳಲಿ, ಕಾಫಿ ಕೊಡಿಸುತ್ತೇನೆ.

ಎಪ್ಪತ್ತರ ದಶಕದ ಆರಂಭ. ಪಾಂಡವಪುರದ ಬೇಸಾಯದ ಮನೆಯವನಾದ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅಲ್ಲೊಂದು ಎನ್.ಎಂ.ಆರ್. ಯಂತ್ರವಿತ್ತು. ಗಾಜಿನ ನಳಿಗೆಯಲ್ಲಿ ಪುಡಿ ತುಂಬಿ, ದೊಡ್ಡ ಆಯಸ್ಕಾಂತದ ಎರಡು ತುದಿಗಳ ನಡುವೆ ಇಟ್ಟು, ರೇಡಿಯೋ ಅಲೆ ಹಾಯಿಸಿದರೆ ಪುಡಿಯೊಳಗಿನ ಜಲಜನಕದ ಪರಮಾಣುಗಳು ಓಗೊಡುತ್ತವೆ. ಹರಳಿನಲ್ಲಿ ಅಲ್ಲಾಡದೆ ಕೂತ ಜಲಜನಕದ ಉತ್ತರ ಕಾಗದದ ಮೇಲೆ ಅಗಲವಾದ ದಿಬ್ಬದ ಹಾಗೆ ಮೂಡುತ್ತದೆ. ಎಲ್ಲೂ ಅಂಟದೆ ಓಡಾಡುವ ನೀರಿನದು ಆ ದಿಬ್ಬದ ನೆತ್ತಿಯ ಮೇಲೆ ಸೂಜಿಯ ಹಾಗೆ ನಿಲ್ಲುತ್ತದೆ. ಪಟಿಕದ ಹರಳಿನೊಳಗೆ ನೀರು ಹೇಗೆ ಕೂತಿದೆ ಎಂದು ನೋಡುವುದು ನನ್ನ ಕೆಲಸ. ಊರಿಗೆ ಬಂದಾಗ ಮಾತ್ರ, ಅದು ಸುಳ್ಳು ಕಂಡುಹಿಡಿಯುವ ಯಂತ್ರ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಂಬುವವರಿದ್ದರು.

ಕೆ.ಆರ್. ಪೇಟೆಯ ಹತ್ತಿರ ಆಲೆಮನೆ ನಡೆಸುತ್ತಿದ್ದ ನನ್ನ ಸೋದರಮಾವನೂ ನಂಬಿದ. ಮಗಳನ್ನು ನಾಗಮಂಗಲಕ್ಕೆ ಕೊಟ್ಟಿದ್ದ ಆತ, ಆ ಮನೆಗೆ ಪ್ರತಿ ವರ್ಷ ಕುಕ್ಕೆ ತುಂಬ ಅಚ್ಚುಬೆಲ್ಲ ಕಳಿಸುತ್ತಿದ್ದ. ಆ ವರ್ಷ ಮಳೆ ಹಿಡಿದ ಮೇಲೆ ಬೆಲ್ಲ ಬೆವತು, ಕರಗಿ, ಕುಕ್ಕೆಯ ಸಂದಿಯಿಂದ ತೊಟ್ಟಿಕ್ಕಿತು. ಸಕ್ಕರೆ ಕಾರ್ಖಾನೆಯ ಕಾಕಂಬಿ ಬೆರೆಸಿದ್ದಾನೆ ಎಂದು ಬೀಗ ಊರೆಲ್ಲ ಸಾರಿದ. ತಪ್ಪು ಒಪ್ಪಿಕೊಳ್ಳುವ ತನಕ ಸೊಸೆಯನ್ನು ಗೌರಿಹಬ್ಬಕ್ಕೆ ತವರಿಗೆ ಕಳಿಸುವುದಿಲ್ಲ ಎಂದು ಹೇಳಿಯೂ ಕಳಿಸಿದ.

“ನಿನ್ ಮಿಸನ್ನಿಗೆ ಆಕಿ ನೋಡ್ಲಾ,” ಅಂದ ಮಾವ. “ಬೆರಕೆ ಐತೆ ಅಂದ್ರೆ ನಾನೇ ಓಗಿ ತಪ್ಪಾಯ್ತು ಅಂತೀನಿ. ಇಲ್ಲ ಅಂದ್ರೆ ನನ್ ಮಗಳು ಅಬ್ಬಕ್ಕೆ ಬರ್ಬೇಕು.”

ನಾಗಮಂಗಲಕ್ಕೆ ಹೋಗಿ ಕರಗಿದ್ದರಲ್ಲೇ ಒಂದು ಅಚ್ಚು ತಂದೆ. ಅದೇ ಕೊಪ್ಪರಿಗೆಯ ಬೆಲ್ಲ ಮಾವನ ಮನೆಯಲ್ಲೂ ಉಳಿದಿತ್ತು, ಕಲ್ಲಿನ ಹಾಗಿತ್ತು. ಎರಡನ್ನೂ ಬೆಂಗಳೂರಿಗೆ ಒಯ್ದು, ಗುರುಗಳಿಗೆ ಸಕ್ಕರೆ ಹರಳಿನ ಪ್ರಯೋಗ ಎಂದೆ. ಅದು ಸುಳ್ಳೇನೂ ಅಲ್ಲ. ಆದರೆ ಯಂತ್ರದ ಲೇಖನಿ ಬೇರೆಯೇ ಬರೆಯಿತು. ಸೂಜಿ ಎತ್ತರವಾಗಿ ನಿಂತದ್ದು ನಾಗಮಂಗಲದ ಕರಗಿದ ಬೆಲ್ಲಕ್ಕಲ್ಲ, ಮಾವನ ಮನೆಯ ಗಟ್ಟಿ ಬೆಲ್ಲಕ್ಕೆ.

ಯೋಚಿಸಿದ ಮೇಲೆ ಅತ್ತೆ ನೆನಪಾದಳು. ನಮ್ಮ ಹೆಂಗಸರು ಮನೆಯಿಂದ ಹೊರಡುವವರಿಗೆ ಬರೀ ಬೆಲ್ಲ ಕೊಡುವುದಿಲ್ಲ. ಅತ್ತೆ ತನ್ನ ಮನೆಯ ಅಚ್ಚಿನ ಸುತ್ತ ಆಗತಾನೆ ತೊಳೆದ ವೀಳ್ಯದೆಲೆ ಸುತ್ತಿ, ಅಡಿಕೆ ಇಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ಬೆಲ್ಲ ಇಡೀ ದಿನ ಒದ್ದೆ ಎಲೆಯೊಳಗೆ ಪ್ರಯಾಣ ಮಾಡಿತ್ತು. ಎಲೆ ತಾಗಿದ ಮೈಯಿಂದಲೇ ನಾನು ಪುಡಿ ಕೆರೆದಿದ್ದೆ. ಎಲೆಯಡಿಕೆ ಏನಾಯಿತು ಎಂದು ಕೇಳಬೇಡಿ, ರೈಲು ಚನ್ನಪಟ್ಟಣ ದಾಟುವ ಹೊತ್ತಿಗೆ ಮೆದ್ದು ಮುಗಿಸಿದ್ದೆ. ಯಂತ್ರ ತಪ್ಪು ಹೇಳಿರಲಿಲ್ಲ. ತಾಂಬೂಲದ ನೀರನ್ನು ಸರಿಯಾಗಿಯೇ ಲೆಕ್ಕ ಹಿಡಿದಿತ್ತು.

ಮತ್ತೆ ಶುರುಮಾಡಿದೆ. ಎರಡು ಅಚ್ಚುಗಳನ್ನೂ ಒಡೆದು, ನಡುಭಾಗ ಪುಡಿ ಮಾಡಿದೆ. ನಾನೇ ಕಾಕಂಬಿ ಕಲಸಿ ಮೂರನೆಯದನ್ನು ತಯಾರಿಸಿದೆ. ಮೂರನ್ನೂ ತೇವ ಹೀರುವ ಉಪ್ಪಿನ ಜೊತೆ ಮುಚ್ಚಿದ ಜಾಡಿಯಲ್ಲಿಟ್ಟು, ದಿನವೂ ಆಯಸ್ಕಾಂತದ ನಡುವೆ ಹಿಡಿದೆ. ಎರಡು ಮನೆಗಳ ಬೆಲ್ಲದ ಸೂಜಿಗಳೂ ಜೋಡಿಯಾಗಿ ಕುಗ್ಗಿ, ಕೊನೆಗೆ ಒಂದೇ ಎತ್ತರಕ್ಕೆ ಬಂದವು. ಕಾಕಂಬಿ ತಾನು ಹಿಡಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ಮೂರನೆಯದರ ಸೂಜಿ ಕುಗ್ಗಲಿಲ್ಲ. ಅಂದರೆ ಮಾವ ಬೆರಕೆ ಮಾಡಿರಲಿಲ್ಲ.

ಹಬ್ಬದ ಹಿಂದಿನ ದಿನ ಕಾಗದಗಳನ್ನು ಸುರುಳಿ ಸುತ್ತಿಕೊಂಡು ನಾಗಮಂಗಲಕ್ಕೆ ಹೋದೆ. ಬೀಗ ಜಗಲಿಯ ಮೇಲೆ ಕೂತು ಅವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದ್ಯಾವ್ ಬೆಟ್ಟ ಕಣಪ್ಪಾ?”

“ಮೇಲುಕೋಟೆ ಬೆಟ್ಟ ಅಲ್ಲ ಗೌಡ್ರೇ, ನಿಮ್ ಮನೆ ಬೆಲ್ಲ.”

ದಿಬ್ಬ ಯಾವುದು, ಸೂಜಿ ಯಾವುದು, ಕಾಕಂಬಿ ಇದ್ದರೆ ಹೇಗೆ ಕಾಣುತ್ತದೆ ಎಂದು ಹೇಳಿದೆ. ಬೆರಕೆ ಇಲ್ಲದಿದ್ದರೆ ನೀರು ಎಲ್ಲಿಂದ ಬಂತು ಎಂದ ಬೀಗ. ನ್ಯಾಯವಾದ ಪ್ರಶ್ನೆ. ನೀರು ಇದೆ ಎಂದು ಯಂತ್ರ ಹೇಳುತ್ತದೆ, ಯಾರ ಮನೆಯದು ಎಂದು ಹೇಳುವುದಿಲ್ಲ.

“ಅದ ನೀವೇ ಯೋಳ್ಬೇಕು,” ಎಂದೆ. “ಬೇಕಾದ್ರೆ ನಿಮ್ಮನ್ನೂ ನಳಿಗೇಲಿ ತುಂಬಿ ನೋಡ್ತೀನಿ. ಒಸಿ ಪುಡಿ ಆಗ್ಬೇಕಾಯ್ತದೆ, ಅಷ್ಟೆ.”

ಬೀಗ ನಗಲಿಲ್ಲ. ಬೆಲ್ಲ ಇಟ್ಟ ಜಾಗ ತೋರಿಸಿ ಎಂದೆ. ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಹೊಗೆಯಲ್ಲಿ ಇರಬೇಕಾದ ಬೆಲ್ಲವನ್ನು ಆ ವರ್ಷ ಬಚ್ಚಲಮನೆಯ ಅಟ್ಟಕ್ಕೆ ಸಾಗಿಸಿದ್ದರು. ಕುಕ್ಕೆಯ ನೇರ ಕೆಳಗೆ ನೀರಿನ ಹಂಡೆ ಕುದಿಯುತ್ತಿತ್ತು. ಅಟ್ಟದ ಹಲಗೆಗಳು ಹನಿಗಟ್ಟಿದ್ದವು.

ನಮ್ಮ ಹಿಂದೆಯೇ ಬಂದಿದ್ದ ಬೀಗನ ತಾಯಿ ಬಾಗಿಲಲ್ಲಿ ನಿಂತು ಹೇಳಿದಳು: “ಅಂಡೆ ಮೇಲ್ಗಡೆ ಮಡಗ್ಬೇಡ ಅಂತ ಬಡ್ಕೊಂಡೆ ಕಣ್ಲಾ. ನಿನ್ ಉಳ್ಳಿಕಾಳ್ ಮೂಟೆಗೆ ಅಡ್ಗೆಮನೆ ಅಟ್ಟ ಬೇಕಾಗಿತ್ತಲ್ಲ ನಿಂಗೆ.”

ಬೀಗ ಅಟ್ಟವನ್ನು ನೋಡಿದ, ಹಂಡೆಯನ್ನು ನೋಡಿದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಸೊಸೆಯ ಕಡೆ ತಿರುಗಿದ.

“ಸೀರೆ ಮಡಿಚ್ಕೊ ಓಗವ್ವ. ಮದ್ಯಾನ್ದ್ ಬಸ್ಸಿಗೆ ನಿಮ್ ಬಾವನ್ ಜೊತೆ ಓಗು.”

ಸಂಜೆಗೆ ಕೆ.ಆರ್. ಪೇಟೆಯ ಹತ್ತಿರದ ಮಾವನ ಮನೆ ಸೇರಿದೆವು. ಬೀಗ ತಪ್ಪು ಒಪ್ಪಿಕೊಂಡನೋ ಇಲ್ಲವೋ ಎಂದು ಮಾವ ಕೇಳಿದ. ಇಲ್ಲ ಎಂದೆ.

“ಓಗ್ಲಿ ಬುಡು. ಕೂಸು ಬಂತಲ್ಲ,” ಎಂದು ಎತ್ತುಗಳಿಗೆ ಹುಲ್ಲು ಹಾಕಲು ಹೋದ. ಒಳಗೆ ತಾಯಿ ಮಗಳು ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಯಾರು ಏನು ಹೇಳುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ.