ಅರ್ಧ ಅನುವಾದ

ನಿರ್ಮಲಾ ಹೂಗಾರಳ ಕೆಲಸ ಹೋದದ್ದು ನನ್ನಿಂದ. ಅವಳು ನನ್ನನ್ನು ನಂಬಿ ಕನ್ನಡದಲ್ಲಿ ಹೇಳಿದ ಒಂದು ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ತಿರುಗಿಸುವಾಗ ಅದರ ತಲೆಯನ್ನೂ ಬಾಲವನ್ನೂ ಕತ್ತರಿಸಿ, ಉಳಿದದ್ದನ್ನು ನಮ್ಮ ಕಾಲೇಜಿನ ಡೀನ್‌ಗೆ ಈಮೇಲ್ ಮಾಡಿದೆ. ಆ ಕಟ್ಟಡದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮೂಲವನ್ನು ಹೋಲಿಸಿ ನೋಡುವವರು ಯಾರೂ ಇರಲಿಲ್ಲ — ಅದು ಗೊತ್ತಿದ್ದೇ ಮಾಡಿದೆ.

ಇದಾಗಿ ಮೂರು ವರ್ಷ.

ನಾನು ಮೈಸೂರಿನವಳು. ಈಗ ಮನೆ ಅಮೆರಿಕದ ಪಿಸ್ಕಾಟವೇಯಲ್ಲಿ. ಅಲ್ಲಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ಸಿಗುವ ಒಂದು ಕೌಂಟಿ ಕಾಲೇಜಿನಲ್ಲಿ, ಎಂದರೆ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ, ಹತ್ತೊಂಬತ್ತು ವರ್ಷಗಳಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷವಾದರೂ ನನ್ನದು ವರ್ಷವರ್ಷಕ್ಕೂ ಹೊಸದಾಗಬೇಕಾದ ಕಾಂಟ್ರಾಕ್ಟ್. ಆ ವರ್ಷ ಕಾಲೇಜಿಗೆ ಸೇರುವವರು ಕಡಿಮೆಯಾಗಿದ್ದರು. ಯಾವ ಸೆಕ್ಷನ್ ಮುಚ್ಚುತ್ತಾರೋ, ಯಾರನ್ನು ಕಳಿಸುತ್ತಾರೋ ಎಂಬ ಗುಸುಗುಸು ಕಾಫಿ ಮಷಿನ್ ಹತ್ತಿರ ದಿನವೂ ಇತ್ತು. ಡೀನ್ ಬಾಗಿಲು ಹಾಕಿಕೊಂಡರೆ ಸಾಕು, ಒಳಗೆ ಯಾರಿದ್ದಾರೆ ಎಂದು ನಾವೆಲ್ಲ ಲೆಕ್ಕ ಹಾಕುತ್ತಿದ್ದೆವು.

ಅಂಥ ಹೊತ್ತಿನಲ್ಲಿ ನಿರ್ಮಲಾ ಬಂದಳು. ಅದೊಂದು ಹೊಸ ಹುದ್ದೆ. ಅಧ್ಯಾಪಕರ ಜೊತೆ ಕೂತು ಅವರ ಪಾಠದೊಳಗೇ ‘ಕೆರಿಯರ್ ರೆಡಿನೆಸ್’ ತರುವುದು — ಎಂದರೆ, ಕ್ಲಾಸಿನಲ್ಲಿ ಕಲಿತದ್ದನ್ನು ವಿದ್ಯಾರ್ಥಿಗಳು ನಾಳೆ ಕೆಲಸ ಕೊಡುವವರ ಮುಂದೆ ಬಾಯಿಬಿಟ್ಟು ಹೇಳುವಂತೆ ಮಾಡುವುದು. ಧಾರವಾಡದ ಹೆಣ್ಣುಮಗಳು, ವಯಸ್ಸು ನಲವತ್ತರ ಒಳಗೆ, ಸಂಸಾರ ಹಿಲ್ಸ್‌ಬರೋದಲ್ಲಿ. ಗಂಡನ ವೀಸಾದ ಮೇಲೆ ಬಂದು ವರ್ಷಗಟ್ಟಲೆ ಮನೆಯಲ್ಲೇ ಇದ್ದವಳು. ವರ್ಕ್ ಪರ್ಮಿಟ್ ಸಿಕ್ಕ ಮೇಲೆ ಅವಳ ಮೊದಲ ಕೆಲಸ ಇದು. ನನ್ನ ಹೆಸರು ನೋಡಿದವಳೇ ಕನ್ನಡದಲ್ಲಿ ಶುರು ಮಾಡಿದಳು.

“ನಾ ನಿಮ್ಮ ಪರೀಕ್ಷಾ ಮಾಡಾಕ ಬಂದಿಲ್ರಿ ಮೇಡಂ. ಹಿಂದ ಕುಂತು ನೋಡ್ತೇನಿ, ಅಷ್ಟ.”

ನಾನು ಕೇಳುವ ಮೊದಲೇ, ಪರೀಕ್ಷೆ ಮಾಡಲು ಬಂದಿಲ್ಲ ಎಂದು ಯಾಕೆ ಹೇಳಬೇಕು? ನನ್ನ ಅನುಮಾನ ಹುಟ್ಟಿದ್ದು ಅಲ್ಲೇ.

ಅವಳು ಲ್ಯಾಬಿನ ಕೊನೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು, ತೊಡೆಯ ಮೇಲೆ ಒಂದು ನೋಟ್‌ಬುಕ್. ನಾನು ಮುಖ್ಯವಾದದ್ದು ಹೇಳುವಾಗ ಸುಮ್ಮನಿರುವಳು. ಯಾರೋ ಫ್ಲಾಸ್ಕ್ ಬೀಳಿಸಿದಾಗ, ನಾನು ಗದರಿದಾಗ, ಇಬ್ಬರು ಹುಡುಗರು ಗುಟ್ಟಾಗಿ ಮಾತಾಡಿದಾಗ — ಬರೆಯುವಳು. ಒಂದು ದಿನ ನೋಟ್‌ಬುಕ್ ತೆರೆದೇ ಇಟ್ಟು ಹುಡುಗರ ಬಳಿ ಹೋಗಿದ್ದಳು. ನಾನು ಓದಿದೆ. ಹೌದು, ಕದ್ದು ಓದಿದೆ. ಇಂಗ್ಲಿಷಿನಲ್ಲಿ ಎರಡೇ ಸಾಲು: ವಿದ್ಯಾರ್ಥಿಗಳಿಗೆ ಮಾತಾಡಲು ಅವಕಾಶ ಕಡಿಮೆ. ಡೀನ್ ಜೊತೆ ಮಾತಾಡಬೇಕು.

ಆ ಎರಡನೆಯ ಸಾಲಿಗೂ ಮೊದಲನೆಯದಕ್ಕೂ ಸಂಬಂಧವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಹುದಿತ್ತು — ಕೇಳಲಿಲ್ಲ. ಎರಡು ದಿನ ಬಿಟ್ಟು ಅವಳೂ ಡೀನೂ ಕಾರಿಡಾರಿನಲ್ಲಿ ನಗುತ್ತಾ ನಿಂತಿದ್ದರು. ನಾನು ಹತ್ತಿರ ಬಂದಾಗ ನಗು ನಿಂತಿತು. ನಿಂತಿತು ಎಂದು ನನಗನ್ನಿಸಿತು.

ಅವಳ ಕೆಲಸ ಮಾತ್ರ — ಇದನ್ನು ಹೇಳಲೇಬೇಕು — ಚೆನ್ನಾಗಿತ್ತು. ನನ್ನ ಕ್ಲಾಸಿನಲ್ಲಿ ಮರಿಸೋಲ್ ಎಂಬ ಹುಡುಗಿಯಿದ್ದಳು. ಬೆಳಿಗ್ಗೆ ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿ ಮಧ್ಯಾಹ್ನ ಲ್ಯಾಬಿಗೆ ಬರುವವಳು. ಒಂದು ದಿನ ಅವಳ ಟೈಟ್ರೇಶನ್ ಮೂರು ಸಲ ತಪ್ಪಾಯಿತು. ನಾಲ್ಕನೆಯ ಸಲ, ಬ್ಯುರೆಟ್ಟಿನ ತಿರುಪಿನಲ್ಲಿ ಸೋರಿಕೆ ಇದೆ ಎಂದು ತಾನೇ ಕಂಡುಹಿಡಿದಳು. ನಾನು “ಗುಡ್” ಎಂದು ಮುಂದೆ ಹೋದೆ. ನಿರ್ಮಲಾ ಹೋಗಿ ಅವಳ ಪಕ್ಕ ನಿಂತು, ಹೇಗೆ ಗೊತ್ತಾಯಿತು ಎಂದು ಕೇಳಿದಳು. ಎರಡು ತಿಂಗಳಿಂದ ನನ್ನೆದುರು ಬಾಯಿ ಬಿಡದ ಹುಡುಗಿ ಐದು ನಿಮಿಷ ಮಾತಾಡಿದಳು. ಔಷಧ ಕಂಪನಿಯ ಇಂಟರ್‌ವ್ಯೂನಲ್ಲಿ ಅನುಭವ ಏನಿದೆ ಅಂತ ಕೇಳಿದರೆ ಇದನ್ನೇ ಹೇಳು ಎಂದಳು ನಿರ್ಮಲಾ.

ಆಮೇಲೆ ಅವಳು ಒಂದು ಪುಟ ತಯಾರು ಮಾಡಿದಳು. ಪ್ರತಿ ಲ್ಯಾಬ್ ಮುಗಿದ ಮೇಲೆ ವಿದ್ಯಾರ್ಥಿ ತುಂಬಬೇಕಾದದ್ದು: ಇವತ್ತು ಏನು ಕೆಟ್ಟಿತು, ಹೇಗೆ ಕಂಡುಹಿಡಿದೆ, ಜೊತೆಯವರಿಗೆ ಹೇಗೆ ವಿವರಿಸಿದೆ. ಅಷ್ಟೇ. ಅಲ್ಲಿಯವರೆಗಿನ ಹದಿನಾರು ವರ್ಷದಲ್ಲಿ ನನಗೆ ಹೊಳೆಯದಿದ್ದದ್ದು. ಖುಷಿಯಾಗಬೇಕಿತ್ತು. ನನಗೆ ಅನ್ನಿಸಿದ್ದು — ಇವಳಿಂದಲೇ ಇಷ್ಟಾಗುವುದಾದರೆ ನಾನು ಯಾಕೆ ಬೇಕು ಎಂದು ನಾಳೆ ಡೀನ್ ಕೇಳಬಹುದಲ್ಲ?

ಮೇಡಂ ಹೋಗಿ ಅಕ್ಕಾರ ಆಗಿದ್ದೆ ಅಷ್ಟರಲ್ಲಿ. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದುಕೊಂಡು ಕೂತಿದ್ದಾಗ ಅವಳು ದನಿ ತಗ್ಗಿಸಿ ಹೇಳಿದಳು:

“ಅಕ್ಕಾರ, ನಾವು ಹುಷಾರ್ ಇರ್ಲಿಲ್ಲಂದ್ರ ಇದೆಲ್ಲಾ ಬರೇ ತೋರಿಕಿ ಆಗ್ತೈತ್ರಿ. ಫಾರ್ಮ್ ತುಂಬಿದ್ವಿ, ಟಿಕ್ ಹಾಕಿದ್ವಿ, ಮುಗೀತು. ಹಂಗ ಆಗಬಾರ್ದು ನೋಡ್ರಿ.”

ತಮ್ಮ ಕೆಲಸವನ್ನು ಪ್ರೀತಿಸುವವರು ಮಾತ್ರ ಪಡುವ ಭಯ ಅದು. ನಾನು ತಲೆಯಾಡಿಸಿದೆ.

ಅದೇ ವಾರ ಡೀನ್ ಎಲ್ಲ ಅಧ್ಯಾಪಕರಿಗೂ ಬರೆದರು: ಈ ಕಾರ್ಯಕ್ರಮ ಮುಂದುವರಿಸಬೇಕೇ, ನಿಮ್ಮ ಅಭಿಪ್ರಾಯ ಗೋಪ್ಯವಾಗಿರುತ್ತದೆ. ನಾನು ಬರೆದೆ — “ಇದೆಲ್ಲ ಬರೀ ತೋರಿಕೆ, ಫಾರ್ಮ್ ತುಂಬಿ ಟಿಕ್ ಹಾಕುವುದಷ್ಟೇ ಎಂದು ಇದನ್ನು ನಡೆಸುವವರೇ ನನ್ನ ಬಳಿ ಹೇಳಿದ್ದಾರೆ.” ಒಂದೊಂದು ಪದವೂ ಅವಳ ಬಾಯಿಂದ ಬಂದದ್ದೇ. ‘ಹುಷಾರಾಗಿ ಇರದಿದ್ದರೆ’ ಎಂಬುದನ್ನು ಬಿಟ್ಟೆ. ‘ಹಾಗಾಗಬಾರದು’ ಎಂಬುದನ್ನು ಬಿಟ್ಟೆ. ಕಳಿಸುವ ಮೊದಲು ಎರಡು ಸಲ ಓದಿದೆ, ಒಂದು ಸ್ಪೆಲಿಂಗ್ ಸರಿಮಾಡಿದೆ.

ಹತ್ತು ದಿನದ ನಂತರ ನಿರ್ಮಲಾ ನನ್ನ ರೂಮಿಗೆ ಬಂದಳು. ಕೂರಲಿಲ್ಲ.

“ನಾನ ಈ ಪ್ರೋಗ್ರಾಂ ತೋರಿಕಿ ಅಂದೇನಂತ್ರಿ ಅಕ್ಕಾರ. ಡೀನ್ ಕೇಳಿದ್ರು. ಅಂದಿಲ್ಲ ಅನ್ನಾಕೂ ಬಾಯಿ ಬರ್ಲಿಲ್ಲ, ಆ ಶಬ್ದ ನಂದ ಐತಲ್ರಿ. ಮೀಟಿಂಗ್‌ನಾಗ ಎಲ್ಲೋ ಇಂಗ್ಲಿಷ್‌ನಾಗ ತಪ್ಪು ಹೇಳಿರಬೇಕು ನಾನು. ಅಲ್ಲೇನ್ರಿ?”

ನನ್ನನ್ನೇ ನೋಡುತ್ತಿದ್ದಳು. ಗೊತ್ತಿದೆ ಇವಳಿಗೆ, ಬಾಯಿ ಬಿಡಿಸಲು ಬಂದಿದ್ದಾಳೆ — ಎಂದುಕೊಂಡೆ. ಹಾಗೆ ಎಂದುಕೊಂಡೇ, “ಇರಬಹುದು ನಿರ್ಮಲಾ” ಎಂದೆ.

ಈಮೇಲಿಗಿಂತ ದೊಡ್ಡ ಪಾಪ ಈ ಒಂದು ಪದ. ಅದು ನನಗೆ ತಿಳಿಯಲು ಇಷ್ಟು ಕಾಲ ಬೇಕಾಯಿತು.

ಮೇ ತಿಂಗಳಲ್ಲಿ ಅವಳ ಕಾಂಟ್ರಾಕ್ಟ್ ಮುಗಿಯಿತು, ಹೊಸದಾಗಲಿಲ್ಲ. ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತೇನೆಂದಿದ್ದ ಮಿಸ್ ನಿರ್ಮಲಾ ಎಲ್ಲಿ ಎಂದು ಮರಿಸೋಲ್ ಎರಡು ಸಲ ಕೇಳಿದಳು. ಗೊತ್ತಿಲ್ಲ ಎಂದೆ. ಆಮೇಲೆ ಕೇಳಲಿಲ್ಲ. ನಾನು ಕನ್ನಡದವರು ಸೇರುವ ಕಡೆ ಹೋಗುವುದನ್ನೇ ಬಿಟ್ಟೆ — ಅವಳು ಸಿಕ್ಕಿಬಿಟ್ಟರೆ? ಅವಳು ಯಾರಿಗಾದರೂ ಹೇಳಿದ್ದರೆ? ಅಂಗಡಿಯಲ್ಲಿ ಪರಿಚಯದವರೊಬ್ಬರು ನನ್ನನ್ನು ನೋಡದೆ ಹೋದರೆ, ಇವರಿಗೂ ತಿಳಿದಿದೆ ಎಂದು ವಾರವಿಡೀ ಕೊರಗುತ್ತಿದ್ದೆ. ಅವರು ನಿಜಕ್ಕೂ ನನ್ನನ್ನು ನೋಡಿರಲಿಲ್ಲವೇನೋ.

ಮರುವರ್ಷ ಡೀನ್ ಆ ಕೆಲಸದ ಒಂದು ತುಂಡನ್ನು ನನಗೇ ಒಪ್ಪಿಸಿದರು: ಸೆಮಿಸ್ಟರಿಗೊಮ್ಮೆ ಉಳಿದ ಅಧ್ಯಾಪಕರಿಗೆ ಹೇಳಿಕೊಡುವುದು. ನಾನು ನಿರ್ಮಲಾಳ ಪುಟವನ್ನೇ ಹಂಚಿದೆ, ಮೇಲೆ ನನ್ನ ಹೆಸರು ಹಾಕಿ. ಚಪ್ಪಾಳೆ ಬಿತ್ತು. ತೆಗೆದುಕೊಂಡೆ.

ಕಳೆದ ತಿಂಗಳು ಅಂಥದೇ ಸಭೆಯಲ್ಲಿ ಒಬ್ಬ ಹೊಸ ಅಧ್ಯಾಪಕ ಎದ್ದು, ಇದೆಲ್ಲ ಬರೀ ತೋರಿಕೆಯಲ್ಲವೇ ಎಂದು ನೇರವಾಗಿ ಕೇಳಿದ. ನನ್ನ ಬಾಯಿಂದ ಉತ್ತರ ತಾನಾಗಿ ಬಂತು, ಇಂಗ್ಲಿಷಿನಲ್ಲಿ, ಇಡಿಯಾಗಿ: ನಾವು ಹುಷಾರಾಗಿ ಇರದಿದ್ದರೆ ಆಗುತ್ತದೆ, ಆಗಬಾರದು. ಅವನು ಮೆಚ್ಚಿ ಬರೆದುಕೊಂಡ. ಅದು ನಿರ್ಮಲಾಳ ಮಾತು. ಉಳಿದ ಸಭೆ ಹೇಗೆ ಮುಗಿಸಿದೆನೋ.

ಮಾರನೆಯ ದಿನ ಫೋನ್ ಮಾಡಿದೆ. ನಿರ್ಮಲಾ ಈಗ ಹಿಲ್ಸ್‌ಬರೋದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿದ್ದಾಳೆ. ನಾನು ಎಲ್ಲವನ್ನೂ ಹೇಳಿದೆ — ನೋಟ್‌ಬುಕ್ ಕದ್ದು ಓದಿದ್ದು, ಈಮೇಲ್, ಆ ‘ಇರಬಹುದು’, ಅವಳ ಪುಟದ ಮೇಲೆ ನನ್ನ ಹೆಸರು.

“ನಿಮ್ಮ ಮ್ಯಾಲೆ ನನಗ ಅನುಮಾನ ಬಂದಿರ್ಲಿಲ್ರಿ,” ಎಂದಳು. ಅಕ್ಕಾರ ಎನ್ನಲಿಲ್ಲ. “ನನ್ನ ಇಂಗ್ಲಿಷ್ ಮ್ಯಾಲೆ ಬಂದಿತ್ತು. ಆಮ್ಯಾಲೆ ನಾಕು ಕಾಲೇಜಿನಾಗ ಇಂಟರ್‌ವ್ಯೂ ಆತ್ರಿ. ಬಾಯಿ ತೆಗದ್ರ, ಎಲ್ಲಿ ಮತ್ತ ತಪ್ಪು ಹೇಳ್ತೇನೋ ಅಂತ... ಮಾತ ಬರ್ತಿರ್ಲಿಲ್ಲ. ಮಂದಿಗೆ ಹೇಳಾಕ ಕಲಿಸಾಕಿ ನಾನು.” ಆಮೇಲೆ, “ಪೇಷಂಟ್ ಬಂದಾರ, ಇಡ್ತೇನ್ರಿ” ಎಂದಳು.

ಡೀನ್‌ಗೆ ನಿರ್ಮಲಾಳ ಅಂದಿನ ಮಾತನ್ನು ಪೂರ್ತಿಯಾಗಿ ಬರೆದು ಕಳಿಸಿದೆ, ಅದನ್ನು ಕತ್ತರಿಸಿದವಳು ನಾನೇ ಎಂದು ಒಪ್ಪಿಕೊಂಡು. ಆ ಹುದ್ದೆಯೇ ಈಗಿಲ್ಲ, ಇನ್ನೇನು ಮಾಡಬೇಕೆಂದು ಬಯಸುತ್ತೀರಿ ಎಂದು ಒಂದು ಸಾಲಿನ ಉತ್ತರ ಬಂತು. ಬೇರೆ ಕಾಲೇಜುಗಳು ಅವಳ ಬಗ್ಗೆ ವಿಚಾರಿಸಿದರೆ ನನ್ನ ಪತ್ರವನ್ನೂ ಕೊಡಿ ಎಂದು ಬರೆದಿದ್ದೇನೆ. ಮುಂದಿನ ಗುರುವಾರ ಅಧ್ಯಾಪಕರ ಸಭೆ. ಆ ಪುಟ ಯಾರದು ಎಂದು, ಯಾಕೆ ಅವಳು ಇಲ್ಲಿಲ್ಲ ಎಂದು ಅಲ್ಲಿ ನಿಂತು ಹೇಳುತ್ತೇನೆ. ನನ್ನ ಕಾಂಟ್ರಾಕ್ಟ್ ಏನಾಗುತ್ತದೋ ಆಗಲಿ.

ಅವಳು ಒಂದು ವೇಳೆ ನಿಜವಾಗಿಯೂ ನನ್ನ ಮೇಲೆ ವರದಿ ಕೊಡಲು ಬಂದವಳೇ ಆಗಿದ್ದರೂ ನಾನು ಮಾಡಿದ್ದು ಇದಕ್ಕಿಂತ ಚಿಕ್ಕದಾಗುತ್ತಿರಲಿಲ್ಲ. ಕ್ಷಮಿಸು ಎಂದು ನಾನು ಅವಳನ್ನು ಕೇಳಿಲ್ಲ. ಕೇಳಿದರೆ ಅವಳು ಏನಾದರೂ ಉತ್ತರ ಹುಡುಕಬೇಕಾಗುತ್ತದೆ. ಆ ಕಷ್ಟವನ್ನೂ ನಾನೇ ಕೊಡುವುದು ಬೇಡ.