ಸರೋಜನ ಗೆರೆ

ಕಾಂಕ್ರೀಟ್ ಪಂಪ್ ನಿಲ್ಲಿಸಿ ಅಂತ ಹೇಳಿದವಳು ನಾನೇ. ಹತ್ತು ಗಂಟೆಯಾಗಿತ್ತು, ಟೀ ಬಂದಿತ್ತು.

ನಮ್ಮದೇ ಮನೆಯ ಸ್ಲ್ಯಾಬ್ ಹಾಕುವ ದಿನ ಅದು. ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆ ಪಕ್ಕದ ಗುಡ್ಡದ ಮೇಲೆ ಸೈಟು, ಕಲಸಿದ ಕಾಂಕ್ರೀಟ್ ತರುವ ರೆಡಿಮಿಕ್ಸ್ ಲಾರಿ ಹತ್ತುವುದಿಲ್ಲ. ಹಾಗಾಗಿ ಲಾರಿ, ಪಂಪ್ ಎರಡೂ ಕೆಳಗೆ ರಸ್ತೆಯಲ್ಲಿ. ಅಲ್ಲಿಂದ ಮೇಲಿನವರೆಗೆ ಕಬ್ಬಿಣದ ಪೈಪು.

ಪಕ್ಕದ ಮನೆಯ ಜಗಲಿಯಲ್ಲಿ ಅಮ್ಮ ಕೂತು ನೋಡುತ್ತಿದ್ದಳು. ಅವಳ ಕುತ್ತಿಗೆ ಸರಿಯಾಗಿ ತಿರುಗುವುದಿಲ್ಲ. ಇಪ್ಪತ್ತು ವರ್ಷ ತಲೆ ಮೇಲೆ ಸಿಂಬೆ ಇಟ್ಟು ಕಾಂಕ್ರೀಟ್ ಬಾಂಡ್ಲಿ ಹೊತ್ತವಳು.

ಸ್ಲ್ಯಾಬ್ ಅಂದರೆ ಅವಳಿಗೆ ಭಯ. ಯಾಕೆ ಅಂತ ಹೇಳುತ್ತೇನೆ.

ನಾನು ಚಿಕ್ಕವಳಿದ್ದಾಗ ಪೇಟೆಯ ಮೇಷ್ಟ್ರೊಬ್ಬರ ಮನೆಗೆ ಸ್ಲ್ಯಾಬ್ ಹಾಕುವಾಗ ಅಮ್ಮ ಬಾಂಡ್ಲಿ ಸಮೇತ ಹಲಗೆಯಿಂದ ಬಿದ್ದಳು. ಅವಳನ್ನು ಆಸ್ಪತ್ರೆಗೆ ಸೇರಿಸಿ ಜನ ವಾಪಸ್ ಬರುವಷ್ಟರಲ್ಲಿ ಹಾಕಿದ ಕಾಂಕ್ರೀಟ್ ಗಟ್ಟಿಯಾಗಿತ್ತು. ಅದರ ಪಕ್ಕಕ್ಕೇ ಹೊಸದು ಸುರಿದರು.

ಹಳತು, ಹೊಸತು ಬೆಸೆದುಕೊಳ್ಳಲಿಲ್ಲ. ಮೊದಲ ಮಳೆಗಾಲಕ್ಕೇ ನಡುಮನೆಯ ಸ್ಲ್ಯಾಬಿನ ಉದ್ದಕ್ಕೂ ಒದ್ದೆ ಗೆರೆ ಮೂಡಿತು. ಆ ಮನೆಯವರು ಅದಕ್ಕೊಂದು ಹೆಸರೂ ಇಟ್ಟರು, 'ಸರೋಜನ ಗೆರೆ' ಅಂತ.

ಸರೋಜ ಅಂದರೆ ನನ್ನಮ್ಮ.

ಅವರೇನು ಕೆಟ್ಟವರಲ್ಲ, ತಮಾಷೆಗೆ ಅಂದಿದ್ದು. ಆದರೆ ಅಮ್ಮ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಳು. ಬಿದ್ದವಳೂ ಅವಳೇ, ಹೆಸರು ಕೆಟ್ಟಿದ್ದೂ ಅವಳದೇ... ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಈಗ ನಾನು ತೀರ್ಥಹಳ್ಳಿಯಲ್ಲಿ ಸೈಟ್ ಎಂಜಿನಿಯರ್. ನಮ್ಮ ಮನೆಗೆ ಪಂಪೇ ಆಗಬೇಕು ಅಂತ ಹಟ ಹಿಡಿದಿದ್ದೂ ಆ ಗೆರೆಯಿಂದಾಗಿಯೇ. ಮೂವತ್ತು ಜನ ಸಂಜೆವರೆಗೆ ಹೊರುವುದನ್ನು ಪಂಪ್ ಮೂರು ಗಂಟೆಯಲ್ಲಿ ಮುಗಿಸುತ್ತದೆ, ನಡುವೆ ನಿಲ್ಲುವ ಮಾತೇ ಇಲ್ಲ ಅಂತ ಅಮ್ಮನ ಎದುರು ಭಾಷಣ ಬೇರೆ ಬಿಗಿದಿದ್ದೆ.

ಅಂಥವಳು ಟೀ ಕಂಡಿದ್ದೇ ಕೈ ಎತ್ತಿ "ನಿಲ್ಸಿ" ಅಂದೆ! ಸ್ಲ್ಯಾಬ್ ದಿನ ಹತ್ತು ಗಂಟೆಗೆ ಟೀ, ಅವಲಕ್ಕಿ. ಚಿಕ್ಕಂದಿನಿಂದ ನೋಡಿದ ಪದ್ಧತಿ. ಬಾಂಡ್ಲಿ ಹೊರುವವರಿಗೆ ಅದು ಬೇಕಿತ್ತು, ಪೈಪಿಗೆ ಬೇಕಿರಲಿಲ್ಲ.

ಪಂಪ್ ಆಪರೇಟರ್ ಮಂಜಣ್ಣ ಕೆಳಗಿನಿಂದ ಕೂಗಿದರು. "ಮೇಡಂ, ಬಿಸ್ಲಿಗೆ ಪೈಪ್ ಕಾಯ್ತಾ ಇದೆ, ಜಾಸ್ತಿ ಹೊತ್ತು ನಿಲ್ಸಕ್ಕಾಗಲ್ಲ."

ಐದೇ ನಿಮಿಷ ಅಂದೆ. ಇಪ್ಪತ್ತಾಯಿತು.

ಮತ್ತೆ ಶುರು ಮಾಡಿದರೆ ಪೈಪ್ ಕಟ್ಟಿಕೊಂಡಿದೆ.

ಜಗಲಿಯ ಕಡೆ ನೋಡಿದರೆ ಅಮ್ಮ ಎದ್ದು ನಿಂತಿದ್ದಾಳೆ. ಕುತ್ತಿಗೆ ತಿರುಗದೆ ಇಡೀ ಮೈ ತಿರುಗಿಸಿ ಸ್ಲ್ಯಾಬನ್ನೇ ನೋಡುತ್ತಿದ್ದಾಳೆ.

ಮಂಜಣ್ಣ ಪಂಪನ್ನು ರಿವರ್ಸ್ ಹಾಕಿ, ಸುತ್ತಿಗೆಯಿಂದ ಪೈಪ್ ಬಡಿಯುತ್ತಾ ಮೇಲೆ ಬಂದರು. ಸದ್ದು ಬದಲಾದ ಕಡೆ ಪೈಪ್ ಬಿಚ್ಚಿ, ಗಟ್ಟಿಯಾಗಿದ್ದನ್ನು ಕೆರೆದು ತೆಗೆದು, ಮತ್ತೆ ಜೋಡಿಸಿದರು. ಅಷ್ಟು ಹೊತ್ತೂ ನಾನು ಮಂಡಿಯೂರಿ ಕೂತು, ಹಾಕಿದ ಕಾಂಕ್ರೀಟಿನ ಅಂಚಿಗೆ ಬೆರಳು ಒತ್ತುತ್ತಲೇ ಇದ್ದೆ.

ಇನ್ನೂ ಹಸಿ... ಇನ್ನೂ ಹಸಿ...

ಕೊನೆಗೂ ಪೈಪ್ ಕೆಮ್ಮಿ ಉಗುಳಿತು. ಹಸಿ ಅಂಚಿಗೇ ಹೊಸದು ಬಿತ್ತು, ವೈಬ್ರೇಟರ್ ಇಳಿಸಿ ಎರಡನ್ನೂ ಒಂದು ಮಾಡಿದರು. ಊಟದ ಹೊತ್ತಿಗೆ ಮೊದಲೇ ಕೆಲಸ ಮುಗಿಯಿತು.

ಅಮ್ಮ ಹಳೇ ಅಭ್ಯಾಸದಲ್ಲಿ ಮೂವತ್ತು ಜನಕ್ಕೆ ಅಡುಗೆ ಮಾಡಿಸಿದ್ದಳು. ಉಂಡವರು ಹತ್ತು ಜನ. ಅವಳ ಜೊತೆ ಬಾಂಡ್ಲಿ ಹೊರುತ್ತಿದ್ದ ಗಂಗಕ್ಕ ಎಲೆ ಮುಂದೆ ಕೂತು, "ನಮ್ ಕೂಲಿನೂ ಇದೇ ಪೈಪಲ್ಲಿ ಹೋತಲ್ಲೇ ಸರೋಜ" ಅಂದಳು.

ಸ್ಲ್ಯಾಬಿಗೆ ಆಧಾರ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೆ, ಮೊದಲ ಜೋರು ಮಳೆಯ ಮರುದಿನ ಅಮ್ಮ ಒಳಗೆ ಬಂದಳು. ಕತ್ತೆತ್ತಿ ನೋಡಲಾಗದು ಅಂತ ನೆಲಕ್ಕೆ ಚಾಪೆ ಹಾಸಿ ಮಲಗಿಯೇಬಿಟ್ಟಳು. ನಾನೂ ಪಕ್ಕದಲ್ಲಿ ಮಲಗಿದೆ.

"ಅವತ್ತು ಕಾಂಕ್ರೀಟ್ ನಿಂತಿದ್ದು ಎಲ್ಲಿ?" ಅಂದಳು.

ಸ್ಲ್ಯಾಬಿನ ಉದ್ದಕ್ಕೂ ತುಂಬಾ ಹೊತ್ತು ಹುಡುಕಿದೆ, ಎಲ್ಲೂ ಒದ್ದೆಯಿಲ್ಲ. ನಿಜವಾಗಿಯೂ ಗೊತ್ತಾಗಲಿಲ್ಲ.

"ಸೋರಿದ್ರೆ ನನ್ ಹೆಸ್ರು ಇಡ್ಬೋದಿತ್ತಮ್ಮ, ನಿಲ್ಸಿದ್ದು ನಾನೇ."

ಅಮ್ಮ ನಗಲಿಲ್ಲ. ನನ್ನ ಕೈ ಹಿಡಿದುಕೊಂಡು, "ಯಾರ್ ಹೆಸ್ರೂ ಬ್ಯಾಡ ಮಗಾ" ಅಂದಳು.

ನಿಮ್ಮ ಮನೆಯ ಯಾವುದೋ ಬಿರುಕಿಗೆ ಯಾರದೋ ಹೆಸರಿದ್ದರೆ, ಅವತ್ತು ಅವರಿಗೆ ಎಷ್ಟು ಪೆಟ್ಟಾಗಿತ್ತು ಅಂತ ಯಾವತ್ತಾದರೂ ಕೇಳಿದ್ದೀರಾ?