ಬಂಕಿಗೆ ಹೋದ ಗಿರಣಿ

ಡೀಸೆಲ್ ಸಿಗದ ಆ ವಾರ ನಮ್ಮೂರು ಮೆಟ್ರಿಯಲ್ಲಿ ನನ್ನನ್ನು ಹುಚ್ಚಿ ಎಂದವರು ಬಹಳ ಮಂದಿ. ಅವರಲ್ಲಿ ಮೊದಲನೆಯವರು ನನ್ನ ಗಂಡ. ಅನ್ನಲಿ. ಅದೇ ಹುಚ್ಚನ್ನು ಇವತ್ತು ಮಾಡು ಅಂದರೂ ಮಾಡುತ್ತೇನೆ.

ನಮ್ಮದು ಹಿಟ್ಟಿನ ಗಿರಣಿ. ಮಾವನವರು ಹಾಕಿದ್ದು, ಡೀಸೆಲ್ ಎಂಜಿನ್ನಿನದು. ಅವರು ತೀರಿಕೊಂಡ ಮೇಲೆ ನನ್ನ ಗಂಡ ಕೆಲವು ವರ್ಷ ನಡೆಸಿದರು. ಅಷ್ಟರಲ್ಲಿ ಸಂಡೂರಿನ ಗುಡ್ಡಗಳಿಂದ ಅದಿರು ಹೊರುವ ಲಾರಿಗಳ ಕಾಲ ಬಂತು. ಸ್ಟೇರಿಂಗ್ ಹಿಡಿಯಲು ಬಂದವರೆಲ್ಲ ಡ್ರೈವರುಗಳಾದರು. ನಮ್ಮವರೂ ಕಂಪ್ಲಿಯ ಒಬ್ಬ ಲಾರಿ ಮಾಲೀಕನ ಹತ್ತಿರ ಸೇರಿಕೊಂಡು, ಇನ್ನು ಗಿರಣಿಗೆ ಬೀಗ ಹಾಕೋಣ ಎಂದರು. ಡ್ರೈವರನ ಹೆಂಡತಿ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಕೂತರೆ ಅವರಿಗೆ ಮರ್ಯಾದೆ ಕಡಿಮೆಯಂತೆ. ನಾನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲು ತೆರೆದೆ. ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುವುದು ಹೆಂಗಸಿನ ಕೈಲಾಗುವ ಕೆಲಸವಲ್ಲ ಎಂದರು. ಮೊದಲ ವಾರ ಹ್ಯಾಂಡಲ್ ತಿರುಗಿ ಬಡಿದು ಮುಂಗೈ ಊದಿಕೊಂಡಿತ್ತು, ಸುಳ್ಳೇಕೆ ಹೇಳಲಿ. ಎರಡನೆಯ ವಾರಕ್ಕೆ ಕಲಿತೆ.

ಡೀಸೆಲ್ ಯಾಕೆ ಇಲ್ಲವಾಯಿತು ಎನ್ನುವುದನ್ನು ಒಬ್ಬೊಬ್ಬರು ಒಂದೊಂದು ತೆರನಾಗಿ ಹೇಳುತ್ತಿದ್ದರು. ಟ್ಯಾಂಕರಿನವರು ಮುಷ್ಕರ ಮಾಡುತ್ತಾರಂತೆ ಎಂಬ ಸುದ್ದಿ ಹೊಸಪೇಟೆಯಲ್ಲಿ ಹುಟ್ಟಿ, ಸಂಜೆಯೊಳಗೆ ಕಂಪ್ಲಿ ದಾಟಿ ಎಮ್ಮಿಗನೂರಿಗೂ ಮುಟ್ಟಿತ್ತು. ಬೇಕಾದವರೂ ಬೇಡವಾದವರೂ ಬಂಕಿಗೆ ಓಡಿದರು. ಕೊಡಪಾನ, ಎಣ್ಣೆ ಡಬ್ಬಿ, ಬೆಳೆಗೆ ಹೊಡೆಯುವ ಔಷಧಿಯ ಕ್ಯಾನು, ಕೈಗೆ ಸಿಕ್ಕಿದ್ದರಲ್ಲೆಲ್ಲ ತುಂಬಿಸಿಕೊಂಡು ಬಂದರು. ನಮ್ಮ ಓಣಿಯಲ್ಲಿ ಸೈಕಲ್ ಬಿಟ್ಟರೆ ಬೇರೆ ಗಾಡಿಯೇ ಇಲ್ಲದ ಒಬ್ಬಾತ ಎರಡು ಕ್ಯಾನು ಡೀಸೆಲ್ ತಂದು ಮಂಚದ ಕೆಳಗೆ ಇಟ್ಟುಕೊಂಡಿದ್ದ. ಯಾಕಪ್ಪಾ ಎಂದರೆ, ಎಲ್ಲರೂ ತಂದರು, ನಾನೂ ತಂದೆ ಎಂದ. ಹೊಸಪೇಟೆ, ಸಂಡೂರಿನ ಬಂಕುಗಳು ಬರಿದಾದ ಮೇಲೆ ಅದಿರಿನ ಲಾರಿಗಳು ಕಂಪ್ಲಿಯ ಕಡೆಗೇ ತಿರುಗಿದವು. ರಸ್ತೆಯುದ್ದಕ್ಕೂ ಕೆಂಪು ಲಾರಿಗಳ ಸಾಲು. ಆಗ ಬಂಕಿನವರು ಹೊಸ ಕಾನೂನು ತಂದರು. ಕ್ಯಾನಿಗೆ ಹಾಕುವುದಿಲ್ಲ, ಗಾಡಿಯ ಟ್ಯಾಂಕಿಗೆ ಮಾತ್ರ.

ನಾನು ಹತ್ತು ಲೀಟರಿನ ಕ್ಯಾನು ಹಿಡಿದು ಕಂಪ್ಲಿಯ ಬಂಕಿಗೆ ಹೋದದ್ದು ಸೋಮವಾರ. ಗಿರಣಿ ನಿಂತು ಆಗಲೇ ಎರಡು ದಿನವಾಗಿತ್ತು. ನಮ್ಮೂರಲ್ಲಿ ಭತ್ತದ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳು ಎರಡು ಚೀಲ ಜೋಳ ತಂದು ನನ್ನ ಗಿರಣಿಯಲ್ಲಿ ಇಟ್ಟಿದ್ದಳು. ಶುಕ್ರವಾರ ಅವಳ ಮಗಳ ಲಗ್ನ. ನಮ್ಮ ಕಡೆ ಲಗ್ನಕ್ಕೆ ಎರಡು ದಿನ ಮೊದಲೇ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿದು, ಬಿಳಿ ಬಟ್ಟೆಯ ಮೇಲೆ ಒಣಗಿಸಿ ಗಟ್ಟಿ ಮಾಡಿ ಇಡುತ್ತಾರೆ. ಅಂದರೆ ಬುಧವಾರ ಬೆಳಿಗ್ಗೆ ಹಿಟ್ಟು ಅವಳ ಮನೆಯಲ್ಲಿ ಇರಲೇಬೇಕು. ಕಂಪ್ಲಿಯಲ್ಲಿ ಕರೆಂಟಿನ ಗಿರಣಿಗಳಿದ್ದವು, ಆದರೆ ನಮ್ಮಂಥ ಎಂಜಿನ್ ಗಿರಣಿಗಳು ನಿಂತಿದ್ದರಿಂದ ಸುತ್ತಲಿನ ಹಳ್ಳಿಗಳ ಜೋಳವೆಲ್ಲ ಅಲ್ಲಿ ಬಿದ್ದಿತ್ತು. "ಅಕ್ಕಾರ, ನಿಮ್ಮ ಮಾತಿನ ಮ್ಯಾಲೆ ರೊಟ್ಟಿ ಬಡಿಯಾಕ ಮಂದಿಗೆ ಹೇಳಿ ಬಂದೀನಿ" ಎಂದಿದ್ದಳು ಆಕೆ. ನಾನು ಆಗಲಿ ಅಂದಿದ್ದೆ. ಅಂದ ಮೇಲೆ ಮುಗಿಯಿತು.

ಬಂಕಿನ ಮ್ಯಾನೇಜರ್ ಕ್ಯಾನು ನೋಡಿದವನೇ ಕೈ ಅಲ್ಲಾಡಿಸಿದ.

"ಕ್ಯಾನಿಗೆ ಹಾಕಂಗಿಲ್ರಿ. ಗಾಡಿ ಇದ್ರ ತರ್ರಿ."

"ನಂದು ಗಾಡಿ ಅಲ್ರಿ, ಹಿಟ್ಟಿನ ಗಿರಣಿ. ಗಿರಣಿ ಎದ್ದು ನಡಕೊಂತ ಬರ್ತೈತೇನು?"

"ಬರದಿದ್ರ ಎಂಜಿನ್ ಹೊತ್ಕೊಂಡು ಬರ್ರಿ. ಎಂಜಿನ್ನಿನ ಟ್ಯಾಂಕಿಗೆ ಹಾಕ್ತೀನಿ."

ಪಾಳಿಯಲ್ಲಿ ನಿಂತಿದ್ದ ಡ್ರೈವರುಗಳು ಹಲ್ಲು ಕಿಸಿದರು. ನನಗೆ ಮೈ ಉರಿದುಹೋಯಿತು. ಗುಡ್ಡ ಅಗೆದು ಹಡಗಿಗೆ ತುಂಬುವ ಕೆಲಸಕ್ಕೆ ಎಣ್ಣೆ ಇದೆ, ರೊಟ್ಟಿಗೆ ಹಿಟ್ಟು ಬೀಸಲು ಇಲ್ಲ. ಈ ನ್ಯಾಯ ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಗಂಡ ಸುಲಭದ ದಾರಿ ತೋರಿಸಿದರು. "ಇಷ್ಟಕ್ಕ ಯಾಕ ಒದ್ದಾಡ್ತಿ? ನಮ್ಮ ಲಾರಿ ಟ್ಯಾಂಕಿಗೆ ಪೈಪ್ ಹಾಕಿ ಹತ್ತು ಲೀಟರ್ ಎಳದು ಕೊಡ್ತೀನಿ. ಎಲ್ಲಾರೂ ಮಾಡ್ತಾರ."

"ಕದ್ದ ಎಣ್ಣಿಲೆ ಬೀಸಿದ ಹಿಟ್ಟು ಲಗ್ನದ ಮನಿಗೆ ಕಳಸ್ಲೇನು? ನಂಗ ಬ್ಯಾಡ."

"ಬ್ಯಾಡಾದ್ರ ಬಿಡು. ಗಿರಣಿ ಮುಚ್ಚು."

ಅವರು ಊಟ ಮಾಡಿ ಮಲಗಿದರು. ನಾನು ಪಕ್ಕದ ಮನೆಯ ಕಾಕಾನ ಹತ್ತಿರ ಹೋಗಿ ಎತ್ತಿನ ಗಾಡಿ ಕೇಳಿದೆ. ಎಂಜಿನ್ ಹೇರಲಿಕ್ಕೆ ಎಂದಾಗ ಕಾಕಾ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಹೇಳಿದೆ. "ಆತು ತಂಗಿ, ಬೆಳಕ ಹರದಕೂಡ್ಲೆ ಹೂಡ್ತೀನಿ" ಎಂದರು.

ಮಂಗಳವಾರ ಗಂಡ ಲಾರಿಗೆ ಹೋದ ಮೇಲೆ ನಾನು ಪಾನಾ ಹಿಡಿದು ನಟ್ಟುಗಳನ್ನು ಬಿಚ್ಚಿದೆ. ಮಾವನವರ ಕಾಲದಲ್ಲಿ ಬಿಗಿದವು, ಎರಡಕ್ಕೆ ಸೀಮೆಎಣ್ಣೆ ಬಿಟ್ಟು ಕಾಯಬೇಕಾಯಿತು. ಟ್ಯಾಂಕಷ್ಟೇ ಬಿಚ್ಚಿಕೊಂಡು ಹೋಗಬಾರದೇ ಎಂದು ನೀವು ಕೇಳಬಹುದು. ಹೋದರೆ ಅದನ್ನೂ ಕ್ಯಾನು ಎನ್ನುತ್ತಾನೆ ಆ ಮನುಷ್ಯ. ಎಂಜಿನ್ ತರ್ರಿ ಎಂದಿದ್ದಾನೆ, ಎಂಜಿನ್ನೇ ಬರುತ್ತದೆ. ಓಣಿಯ ಗಂಡಸರು ಬಿದಿರಿನ ಬೊಂಬು ತೂರಿಸಿ ಎತ್ತಿ, ಹುಲ್ಲು ಹಾಸಿದ ಗಾಡಿಯ ಮೇಲೆ ಇಳಿಸಿ ಹಗ್ಗ ಬಿಗಿದರು. ನಾನು ಎಂಜಿನ್ನಿನ ಪಕ್ಕ ಕೂತೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನಾನೂ ಅವರನ್ನು ನೋಡಿದೆ.

ಪಾಳಿಯಲ್ಲಿ ನಮ್ಮ ಗಾಡಿಯ ಮುಂದೆ ಒಂದಿಪ್ಪತ್ತು ಲಾರಿಗಳಿದ್ದವು. ನಮ್ಮ ಮುಂದಿನ ಲಾರಿ ಯಾರದೆಂದು ನಾನು ಗಮನಿಸಿರಲಿಲ್ಲ. ಕನ್ನಡಿಯಲ್ಲಿ ನನ್ನನ್ನು ಕಂಡು ಅದರಿಂದ ಧುಮುಕಿದವರು ನನ್ನ ಗಂಡ. ಕೆಂಪು ಧೂಳು ಕೂತ ಮುಖ ಇನ್ನಷ್ಟು ಕೆಂಪಾಗಿತ್ತು.

"ಲೇ, ಏನ್ ಮಾಡಾಕ ಹತ್ತೀಯ ನೀ? ಮನಿಗೆ ನಡಿ."

"ಪಾಳಿ ಹಚ್ಚೀನಿ. ನೀವೂ ಹಚ್ಚೀರಿ. ಹೋಗಿ ನಿಮ್ಮ ಲಾರ್ಯಾಗ ಕುಂದ್ರಿ."

ಕಾಕಾ ಎತ್ತುಗಳ ಮೈ ಸವರುತ್ತ ಬೇರೆ ಕಡೆ ನೋಡಿದರು. ಗಂಡ ಹೋಗಿ ಬಾಗಿಲು ಧಡ್ಡನೆ ಹಾಕಿಕೊಂಡರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಮ್ಮ ಮುಂದೆ ಉಳಿದದ್ದು ಆ ಒಂದೇ ಲಾರಿ. ಮ್ಯಾನೇಜರ್ ಹೊರಗೆ ಬಂದು, ಈ ಲಾರಿಗೆ ಆಗುವಷ್ಟೇ ಎಣ್ಣೆ ಇದೆ, ಉಳಿದವರು ಹೋಗಿ ಎಂದು ಕೂಗಿದ. ನಾನು ಗಾಡಿಯಿಂದ ಇಳಿದು ನೆಟ್ಟಗೆ ಅವನ ಮುಂದೆ ಹೋಗಿ ನಿಂತೆ.

"ನೀವು ಎಂಜಿನ್ ತರ್ರಿ ಅಂದ್ರಿ. ತಂದೀನಿ. ಹತ್ತು ಲೀಟರ್ ಹಿಡೀತೈತಿ, ಹಾಕ್ರಿ."

ಅವನು ಗಾಡಿಯನ್ನು ನೋಡಿದ, ಎಂಜಿನ್ನನ್ನು ನೋಡಿದ. "ಅಕ್ಕಾರ, ನಾ ತಮಾಷಿಗೆ ಅಂದಿದ್ದೆ."

"ನಾ ತಮಾಷಿಗೆ ತಂದಿಲ್ರಿ. ನಾಳೆ ಒಂದು ಮನ್ಯಾಗ ಲಗ್ನದ ರೊಟ್ಟಿ ಬಡೀಬೇಕು."

"ಮುಂದಿನ ಲಾರಿ ತುಂಬಿದ ಮ್ಯಾಲೆ ಉಳದ್ರ ಹಾಕ್ತೀನಿ. ಪಾಳಿ ಅಂದ್ರ ಪಾಳಿ."

ಪಾಳಿಯ ಮಾತು ಸರಿಯೇ. ಲಾರಿಯ ಟ್ಯಾಂಕು ಎಷ್ಟು ಕುಡಿಯುತ್ತದೆಂದು ನನಗೆ ಗೊತ್ತಿತ್ತು, ಒಂದು ಲೋಟದಷ್ಟೂ ಉಳಿಯುವುದಿಲ್ಲ. ಲಾರಿ ಮಾಲೀಕನ ಗುಮಾಸ್ತ ಬೈಕಿನ ಮೇಲೆ ಕೂತು ನೋಡುತ್ತಿದ್ದ. ಗಂಡ ಕ್ಯಾಬಿನ್ನಿನಲ್ಲಿ ಎದುರಿಗೆ ಕಣ್ಣಿಟ್ಟು ಕೂತಿದ್ದರು. ನಾನು ಅವರ ಕಡೆ ನೋಡಲಿಲ್ಲ. ಬೇಡುವ ಕಣ್ಣು ನನ್ನದಲ್ಲ.

ಮುಂದಕ್ಕೆ ಬಾ ಎಂದು ಮ್ಯಾನೇಜರ್ ಕೈ ಮಾಡಿದ. ಲಾರಿ ಬರಲಿಲ್ಲ. ಮತ್ತೆ ಕೈ ಮಾಡಿದ. ಗಂಡ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಸ್ಟಾರ್ಟ್ ಆಗ್ವಲ್ದು."

ಕೆಳಗಿಳಿದು, ಲಾರಿಯ ಅಡಿಗೆ ಬಗ್ಗಿ ಏನನ್ನೋ ನೋಡುತ್ತ ಕೂತರು. ಹಿಂದಿನ ಲಾರಿಗಳು ಒಂದೇ ಸಮನೆ ಹಾರ್ನ್ ಹೊಡೆದವು. ಗುಮಾಸ್ತ ಬೈಕಿನಿಂದ ಇಳಿದು ಬೈಯತೊಡಗಿದ. ಆ ಲಾರಿ ಒಂದು ದಿನವೂ ಕೈ ಕೊಟ್ಟದ್ದಿಲ್ಲ ಎಂದು ಜಂಬ ಹೊಡೆದವರು ಇದೇ ಗಂಡ. ನಾನು ಕಾಕಾನಿಗೆ ಗಾಡಿ ಪಕ್ಕದಿಂದ ಹೊಡೆಯಿರಿ ಎಂದೆ. ಎತ್ತುಗಳು ಲಾರಿಯನ್ನು ಬಳಸಿ ಪಂಪಿನ ಮುಂದೆ ಬಂದು ನಿಂತವು.

"ಈಗ ಪಾಳಿ ನಂದು" ಎಂದೆ.

ಮ್ಯಾನೇಜರ್ ಪೈಪು ಎತ್ತಿಕೊಂಡ. ಎಂಜಿನ್ನಿನ ಟ್ಯಾಂಕು ಕಂಠಮಟ್ಟ ತುಂಬುವವರೆಗೆ ನಾನು ಅಲ್ಲಿಯೇ ನಿಂತು ನೋಡಿದೆ. ನಮ್ಮ ಗಾಡಿ ರಸ್ತೆಗೆ ಇಳಿದದ್ದೇ ತಡ, ಹಿಂದೆ ಲಾರಿ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆದ ಸದ್ದು ಕೇಳಿತು. ಗುಮಾಸ್ತನಿಗೂ ಕೇಳಿರಬೇಕು, ಅವನೇನು ಕಿವುಡನಲ್ಲ.

ರಾತ್ರಿ ಗಂಡ ಮನೆಗೆ ಬರಲಿಲ್ಲ. ಮಾಲೀಕ ಶೆಡ್ಡಿಗೆ ಕರೆಸಿದ್ದಾನೆಂದು ಯಾರೋ ಹೇಳಿದರು. ಓಣಿಯ ಗಂಡಸರು ಸಂಜೆಯೇ ಎಂಜಿನ್ನನ್ನು ಮತ್ತೆ ಗಿರಣಿಯೊಳಗೆ ಇಳಿಸಿ ಕೊಟ್ಟಿದ್ದರು, ಬುಧವಾರ ನಸುಕಿನಲ್ಲಿ ಎಬ್ಬಿಸಿದೆ. ಜಾಗ ಒಂದಿಷ್ಟು ಸರಿದಿದ್ದರಿಂದ ಬೆಲ್ಟು ಎರಡು ಸಲ ಕಳಚಿ ಬಿತ್ತು, ಮತ್ತೆ ನಟ್ಟು ಸಡಿಲಿಸಿ ಬಿಗಿದೆ. ಮೂರನೆಯ ಸಲಕ್ಕೆ ನಿಂತಿತು. ಲಗ್ನದ ಮನೆಯ ಆ ಹೆಣ್ಣುಮಗಳು ಒಂದು ಕೈಯಲ್ಲಿ ಜೋಳ ಸುರಿಯುತ್ತ, ಇನ್ನೊಂದು ಕೈಯಲ್ಲಿ ಚೀಲದ ಬಾಯಿ ಹಿಡಿಯಲು ಒದ್ದಾಡುತ್ತಿದ್ದಳು. ಬಿಸಿ ಹಿಟ್ಟು ನೆಲಕ್ಕೆ ಚೆಲ್ಲುತ್ತಿತ್ತು.

ಆಗ ಗಂಡ ಬಾಗಿಲಲ್ಲಿ ಬಂದು ನಿಂತು ಏನೋ ಹೇಳಿದರು. ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಏನು ಎಂದೆ. ಅವರು ಹತ್ತಿರ ಬಂದು ಕೂಗಿದರು.

"ಕೆಲಸಾ ಹೋತು. ಲಾರಿ ಕೀಲಿ ಕಸಗೊಂಡ್ರು."

ಅಳುವುದಕ್ಕೆ, ಸಮಾಧಾನ ಮಾಡುವುದಕ್ಕೆ ಆಗ ಹೊತ್ತಿರಲಿಲ್ಲ. ಅರ್ಧ ಚೀಲ ಜೋಳ ಇನ್ನೂ ಉಳಿದಿತ್ತು.

"ಹೋದ್ರ ಹೋಗ್ಲಿ" ಎಂದು ನಾನೂ ಕೂಗಿದೆ. "ಬರ್ರಿ, ಈ ಚೀಲದ ಬಾಯಿ ಹಿಡೀರಿ."

ಅವರು ಅಂಗಿಯ ತೋಳು ಮಡಚಿ, ಬಗ್ಗಿ ಚೀಲದ ಬಾಯಿ ಹಿಡಿದರು.